ರಾಜ್ಯಕ್ಕೊಂದು ಇಂಧನ ಯೋಜನಾ ಪರಿಷತ್ತು: ನಿವೃತ್ತ ಇಂಜಿನಿಯರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಕೇರಳದ ಇಂಧನ ನೀತಿಯನ್ನು ಒಟ್ಟಾಗಿ ಯೋಜಿಸಲು ಸರಕಾರವು ಕಾನೂನಿನ ಮೂಲಕ ಒಂದು ಪರಿಷತ್ತನ್ನು ರಚಿಸಬೇಕೆಂದು ಕೋರಿ ನಮ್ಮ ಶಾಸಕರಿಗೆ ಸಲ್ಲಿಸಲಿರುವ ಮನವಿಯ ಕರಡನ್ನು ನಿನ್ನೆ ಈ ಬಳಗದಲ್ಲಿ ಹಾಕಿದ್ದೆವು. ವಿದ್ಯುತ್ ಜಾಲದ ಯೋಜನಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ಈಗ ನೀರ್ಚಾಲಿನಲ್ಲಿ ನೆಲಸಿರುವ ನಮ್ಮ ಇಂಜಿನಿಯರರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಗಳು ಈ ವಿಷಯಕ್ಕೆ ಸೀಮಿತವಾಗಿರಲಿ.

ಮಂಜೇಶ್ವರದ ಟೀಚರ್: ನಮಸ್ಕಾರ ಅಣ್ಣ. ವಿದ್ಯುತ್ ಮಂಡಳಿ ಇದೆ, ನಿಯಂತ್ರಣ ಆಯೋಗ ಇದೆ, ಅನೆರ್ಟ್ ಇದೆ, ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಇದೆ. ಇಷ್ಟೆಲ್ಲ ಇರುವಾಗ ಮತ್ತೊಂದು ಪರಿಷತ್ತಿಗೆ ಏನು ಕೆಲಸ ಉಳಿದಿದೆ?

ಇಂಜಿನಿಯರ್: ನಮಸ್ಕಾರ ಟೀಚರ್. 1957ರಲ್ಲಿ ಆರಂಭವಾದ ಮಂಡಳಿ ಈಗ ಕಂಪೆನಿಯಾಗಿದೆ. ಅದು ವಿದ್ಯುತ್ತನ್ನು ಉತ್ಪಾದಿಸುತ್ತದೆ, ಕೊಳ್ಳುತ್ತದೆ, ಹಂಚುತ್ತದೆ. 1986ರ ಅನೆರ್ಟ್ ಸೌರಶಕ್ತಿಯಂಥ ನವೀಕರಣೀಯ ಮೂಲಗಳನ್ನು ನೋಡಿಕೊಳ್ಳುತ್ತದೆ, 1996ರ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಮಿತವ್ಯಯವನ್ನು ನೋಡಿಕೊಳ್ಳುತ್ತದೆ, 2002ರಲ್ಲಿ ಸ್ಥಾಪಿತವಾದ ಆಯೋಗ ದರವನ್ನು ನಿಗದಿಪಡಿಸುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ತುಂಡು ಇದೆ. ಅಡುಗೆ ಅನಿಲದಿಂದ ಇಂಡಕ್ಷನ್ ಒಲೆಗೆ ಬರುವವರು, ಪೆಟ್ರೋಲ್ ಸ್ಕೂಟರು ಬಿಟ್ಟು ಬ್ಯಾಟರಿ ಸ್ಕೂಟರು ಕೊಳ್ಳುವವರು, ಹೊಸದಾಗಿ ಎ.ಸಿ. ಹಾಕಿಸುವವರು, ಇವರೆಲ್ಲರೂ ಇಪ್ಪತ್ತು ವರ್ಷಗಳ ಬಳಿಕ ಒಂದೇ ತಂತಿಯ ಮೇಲೆ ಎಷ್ಟು ಭಾರ ಹಾಕುತ್ತಾರೆ ಎಂಬ ಲೆಕ್ಕವನ್ನು ಒಂದೇ ಕಡೆ ಬರೆದು ಜನರ ಮುಂದಿಡುವ ಹೊಣೆಯನ್ನು ಯಾವ ಕಾನೂನೂ ಇವರಲ್ಲಿ ಒಬ್ಬರಿಗೆಂದು ವಹಿಸಿಲ್ಲ. ಪರಿಷತ್ತಿಗೆ ಉಳಿದಿರುವ ಕೆಲಸ ಅದು.

ಕುಂಬಳೆಯ ವ್ಯಾಪಾರಿ: ಪರಿಷತ್ತು ಬಂದರೆ ನಮ್ಮ ಬಿಲ್ಲು ಕಡಿಮೆಯಾಗುತ್ತದೆಯೇ?

ಇಂಜಿನಿಯರ್: ಇಲ್ಲ. ದರವನ್ನು ನಿಗದಿಪಡಿಸುವ ಅಧಿಕಾರ ಆಯೋಗಕ್ಕೆ ಇದೆ.

ಮುಳ್ಳೇರಿಯದ ಯುವಕ: ಅಣ್ಣ, ಒಂದು ಸಂದೇಶ ನಾಲ್ಕು ಗುಂಪುಗಳಲ್ಲಿ ಬಂದಿದೆ. ಪ್ಲಗ್ಗಿಗೆ ಸಿಕ್ಕಿಸುವ ಒಂದು ಪೆಟ್ಟಿಗೆಯಿಂದ ಬಿಲ್ಲು ಅರ್ಧಕ್ಕೆ ಇಳಿಯುತ್ತದಂತೆ. ಇಂಥದ್ದನ್ನು ಸರಕಾರವೇ ಮನೆಮನೆಗೆ ಹಂಚಿದರೆ ಪರಿಷತ್ತಿನ ಅಗತ್ಯವೇ ಇರುವುದಿಲ್ಲ ಎಂದು ಬರೆದಿದ್ದಾರೆ.

ಇಂಜಿನಿಯರ್: ಆ ಪೆಟ್ಟಿಗೆಯನ್ನು ಕೊಳ್ಳಬೇಡಿ, ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ ಮತ್ತು ಒಂದು ಪುಟ್ಟ ದೀಪ. ಮನೆಯ ಮೀಟರು ಲೆಕ್ಕ ಹಾಕುವ ಯೂನಿಟ್ಟನ್ನು ಅದು ತಗ್ಗಿಸುವುದಿಲ್ಲ. ಕಳಪೆ ಕೆಪಾಸಿಟರ್ ಬಿಸಿಯಾಗಿ ಪ್ಲಗ್ಗಿನಲ್ಲೇ ಬೆಂಕಿ ಹಿಡಿಯಬಹುದು. ಹಳೆಯ ಫ್ಯಾನನ್ನು ತೆಗೆದು ಬಿ.ಎಲ್.ಡಿ.ಸಿ. ಫ್ಯಾನು ಹಾಕಿಸಿದರೆ ಅದೇ ಗಾಳಿಗೆ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬದಿಯಡ್ಕದ ಕೃಷಿಕರು: ಮಾನ್ಯರೇ, ಫೆಬ್ರವರಿಯಿಂದ ಮೇವರೆಗೆ ಸಂಜೆ ಏಳು ಗಂಟೆಯ ಬಳಿಕ ನಮ್ಮ ತೋಟದ ಪಂಪಿನ ಸ್ಟಾರ್ಟರು ಹಿಡಿಯುವುದಿಲ್ಲ. ಸ್ಟೆಬಿಲೈಸರಿನ ಮುಳ್ಳು 170ರ ಕೆಳಗೆ ಇಳಿದು ನಿಲ್ಲುತ್ತದೆ. ಮೋಟಾರು ತಿರುಗದೆ ಗುಂಯ್‌ಗುಟ್ಟಿ ಎರಡು ಬಾರಿ ವೈಂಡಿಂಗ್ ಸುಟ್ಟುಹೋಯಿತು; ಅಡಿಕೆಯ ಎಳೆಯ ಸಸಿಗಳು ಬಾಡಿದವು. ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ನಮ್ಮ ಕರಡಿನಲ್ಲಿ ಪರಿಷತ್ತು 'ಸರಕಾರಕ್ಕೆ ಸಲಹೆ ನೀಡಬಹುದು' ಎಂದಷ್ಟೇ ಇದೆ. ಬರಿಯ ಸಲಹೆಯಿಂದ ನನ್ನಂಥವರಿಗೆ ಏನಾದೀತು? ಇನ್ನೊಂದು, 465 ಮೆಗಾವ್ಯಾಟಿನ ಒಪ್ಪಂದ ರದ್ದಾದುದರಿಂದಲೇ ರಾಜ್ಯಕ್ಕೆ ಈ ಗತಿ ಬಂತೆಂದು ಹೇಳುವುದು ನಿಜವೇ?

ಇಂಜಿನಿಯರ್: ನಿಮ್ಮ ಎರಡೂ ಪ್ರಶ್ನೆಗಳು ನನ್ನನ್ನು ಬಹಳ ಕಾಲದಿಂದ ಕಾಡಿದವು. ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಒಪ್ಪಂದದ ವಿಚಾರ. 2014ರಲ್ಲಿ ರಾಜ್ಯವು ಹೊರಗಿನ ಉತ್ಪಾದಕರಿಂದ 25 ವರ್ಷಗಳ ಕಾಲ ವಿದ್ಯುತ್ತು ಕೊಳ್ಳಲು ಒಪ್ಪಂದಗಳನ್ನು ಮಾಡಿಕೊಂಡಿತು. ಅವುಗಳಲ್ಲಿ 465 ಮೆಗಾವ್ಯಾಟಿನಷ್ಟಕ್ಕೆ, ಟೆಂಡರು ಪ್ರಕ್ರಿಯೆಯಲ್ಲಿ ಲೋಪಗಳಿವೆ ಎಂಬ ಕಾರಣದಿಂದ, ಆಯೋಗವು 2023ರ ಮೇ ತಿಂಗಳಲ್ಲಿ ಅನುಮೋದನೆ ನಿರಾಕರಿಸಿತು. ಸರಕಾರ ವಿದ್ಯುತ್ ಕಾಯ್ದೆಯ 108ನೆಯ ಕಲಮಿನಂತೆ ನಿರ್ದೇಶನ ನೀಡಿತು, ಆಯೋಗ ಅದೇ ವರ್ಷದ ಕೊನೆಗೆ ಒಪ್ಪಂದಗಳನ್ನು ಮತ್ತೆ ಮಾನ್ಯ ಮಾಡಿತು, 2024ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನೂ ತಳ್ಳಿಹಾಕಿತು. ಯಾರದು ಸರಿ, ಯಾರದು ತಪ್ಪು ಎಂದು ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ನನ್ನ ಸಂಕಟವೇ ಬೇರೆ. ಕಾಲು ಶತಮಾನದ ಖರೀದಿಯನ್ನು ಅಳೆಯಲು ಬೇಕಾದ ಅಳತೆಗೋಲು, ಅಂದರೆ ರಾಜ್ಯಕ್ಕೆ ಯಾವ ವರ್ಷ, ಯಾವ ತಿಂಗಳು, ದಿನದ ಯಾವ ಗಂಟೆಗೆ ಎಷ್ಟು ಬೇಕು ಎಂಬ ಅಂದಾಜು, ಒಪ್ಪಂದಕ್ಕೆ ಮೊದಲೇ ಬಹಿರಂಗವಾಗಿ ಚರ್ಚೆಯಾಗಿ ಅಂಗೀಕೃತವಾಗಿರಬೇಕಿತ್ತು. ಒಪ್ಪಂದ ಮುಂದೆ ಹೋಗಿ ಅಳತೆ ಹಿಂದಿನಿಂದ ಬಂದರೆ ಜಗಳವನ್ನು ತೀರ್ಮಾನಿಸುವುದು ನ್ಯಾಯಾಲಯವೇ ಹೊರತು ಇಂಜಿನಿಯರು ಅಲ್ಲ. ನಿಮ್ಮ ವೋಲ್ಟೇಜ್ ಇಳಿದುದಕ್ಕೆ ಆ ಒಪ್ಪಂದ ಕಾರಣವೆಂದು ಹೇಳುವುದು ಮಾತ್ರ ತಪ್ಪು. ಅದು ಬಹುಮಟ್ಟಿಗೆ ನಿಮ್ಮ ಫೀಡರಿನ (ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆಗೆ ಬರುವ ಲೈನಿನ) ಉದ್ದ, ತಂತಿಯ ದಪ್ಪ ಮತ್ತು ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯಕ್ಕೆ ಸಂಬಂಧಿಸಿದ ದೋಷ.

ಗಂಟೆಯ ಲೆಕ್ಕಕ್ಕೆ ನಾನೇಕೆ ಇಷ್ಟು ಒತ್ತು ಕೊಡುತ್ತೇನೆ ಎಂಬುದಕ್ಕೆ ನನ್ನ ಮನೆಯ ಉದಾಹರಣೆಯೇ ಸಾಕು. ಮಾಡಿನ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕ ಇದೆ. ಕಳೆದ ಏಪ್ರಿಲಿನಲ್ಲಿ ಮಗಳ ಹಳೆಯ ನೋಟ್ ಪುಸ್ತಕದಲ್ಲಿ ದಿನಕ್ಕೆ ಮೂರು ಬಾರಿ ಮೀಟರನ್ನು ಬರೆದಿಟ್ಟೆ. ಹಗಲಿನಲ್ಲಿ ಬಂದ ಸುಮಾರು ಹನ್ನೆರಡು ಯೂನಿಟ್ಟಿನಲ್ಲಿ ಹೆಚ್ಚಿನ ಪಾಲು ಜಾಲಕ್ಕೆ ಹೋಗುತ್ತಿತ್ತು. ಸಂಜೆ ಆರರಿಂದ ಬೆಳಗಿನ ಆರರವರೆಗೆ, ಎರಡು ಕೋಣೆಗಳ ಎ.ಸಿ.ಗೆ, ಅಷ್ಟನ್ನೇ ಜಾಲದಿಂದ ಹಿಂದಕ್ಕೆ ಪಡೆಯುತ್ತಿದ್ದೆವು. ಬಿಲ್ಲಿನಲ್ಲಿ ನಾವು ಪುಣ್ಯವಂತರು. ಆದರೆ ರಾತ್ರಿ ಹತ್ತೂವರೆಗೆ ರಾಜ್ಯದ ಮೇಲೆ ನಾವು ಹಾಕುವ ಭಾರ ಒಂದು ವ್ಯಾಟಿನಷ್ಟೂ ತಗ್ಗಿರಲಿಲ್ಲ. 2024ರ ಬೇಸಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 5,700 ಮೆಗಾವ್ಯಾಟನ್ನು ದಾಟಿತು, ಅದೂ ರಾತ್ರಿಯ ಹೊತ್ತಿನಲ್ಲಿ. ನಮ್ಮ ಜಿಲ್ಲೆಯ ಮೈಲಾಟಿಯಲ್ಲಿ ಯೋಜಿಸಿರುವ ಬ್ಯಾಟರಿ ಸ್ಥಾವರ 125 ಮೆಗಾವ್ಯಾಟನ್ನು ನಾಲ್ಕು ಗಂಟೆ ಕೊಡಬಲ್ಲದು, ಅಂದರೆ ಐದು ಲಕ್ಷ ಯೂನಿಟ್. ಅದು ಒಳ್ಳೆಯ ಕೆಲಸವೇ; ಆದರೆ ಗರಿಷ್ಠ ಬೇಡಿಕೆಯ ನೂರರಲ್ಲಿ ಎರಡು ಪಾಲಿಗೆ ಮಾತ್ರ ಅದು ಸಾಲುತ್ತದೆ. ಇಂಥವು ಎಷ್ಟು ಬೇಕು, ಎಲ್ಲಿ ಬೇಕು, ಅದಕ್ಕಿಂತ ಅಗ್ಗವಾಗಿ ಫ್ಯಾನು, ಎ.ಸಿ., ಪಂಪುಗಳ ದಕ್ಷತೆಯಿಂದ ಎಷ್ಟನ್ನು ಉಳಿಸಬಹುದು ಎಂದು ಹೇಳುವವರು ಬೇಕು.

ಈಗ 'ಸಲಹೆ'ಯ ಪ್ರಶ್ನೆ. ಅಮೆರಿಕದ ವಾಯವ್ಯದಲ್ಲಿ 1970ರ ದಶಕದಲ್ಲಿ ಬೇಡಿಕೆ ಏರುತ್ತಲೇ ಹೋಗುತ್ತದೆ ಎಂಬ ಲೆಕ್ಕಾಚಾರವನ್ನು ನಂಬಿ ಐದು ಪರಮಾಣು ಸ್ಥಾವರಗಳನ್ನು ಕಟ್ಟಲು ಹೊರಟರು. ಒಂದು ಮಾತ್ರ ಪೂರ್ಣಗೊಂಡಿತು. 1983ರಲ್ಲಿ 225 ಕೋಟಿ ಡಾಲರುಗಳ ಸಾಲಪತ್ರಗಳನ್ನು ತೀರಿಸಲಾಗದೆ ಕೈಚೆಲ್ಲಿದರು. ಆ ಯೋಜನೆ ಕುಸಿಯುತ್ತಿದ್ದ ಕಾಲದಲ್ಲೇ, 1980ರ ಕಾನೂನಿನಂತೆ, ವಾಷಿಂಗ್ಟನ್, ಒರೆಗಾನ್, ಐಡಹೋ, ಮೊಂಟಾನಾ ರಾಜ್ಯಗಳಿಂದ ತಲಾ ಇಬ್ಬರು ಸದಸ್ಯರಿರುವ ಪರಿಷತ್ತು ಹುಟ್ಟಿತು. ಅದು ಇಪ್ಪತ್ತು ವರ್ಷಗಳ ಯೋಜನೆಯನ್ನು ಬರೆಯಬೇಕು, ಐದು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕು, ಜನರ ಅಭಿಪ್ರಾಯ ಕೇಳಬೇಕು; ಮಿತವ್ಯಯಕ್ಕೆ ಮೊದಲ ಸ್ಥಾನ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಕ್ಯಾಲಿಫೋರ್ನಿಯಾ 1974ರಲ್ಲಿ ಕಾನೂನು ಮಾಡಿ ತನ್ನ ಇಂಧನ ಆಯೋಗಕ್ಕೆ ಬೇಡಿಕೆಯ ಅಂದಾಜಿನ ಜೊತೆಗೆ ಉಪಕರಣಗಳ ದಕ್ಷತೆಯ ಮಾನದಂಡ ವಿಧಿಸುವ ಅಧಿಕಾರವನ್ನೂ ಕೊಟ್ಟಿತು. ಹಾಗಿದ್ದೂ 2000–01ರಲ್ಲಿ ಅಲ್ಲಿ ದೀಪಗಳು ಆರಿದವು, ಏಕೆಂದರೆ ವಿದ್ಯುತ್ ಮಾರುಕಟ್ಟೆಯನ್ನು ಬದಲಿಸಿದ ನಿರ್ಧಾರ ಶಾಸನಸಭೆಯದಾಗಿತ್ತು, ಯೋಜಕರದಲ್ಲ. ಪರಿಷತ್ತು ಇದ್ದರೆ ಸಾಲದು. ಅದರ ಯೋಜನೆಗೆ ವಿರುದ್ಧವಾಗಿ ನಡೆಯುವವರು ಕಾರಣವನ್ನು ಲಿಖಿತವಾಗಿ ಕೊಡಲೇಬೇಕೆಂಬ ಬಂಧನ ಇರಬೇಕು. ನಮ್ಮ ಕರಡಿನಲ್ಲಿ ಆ ಬಂಧನವೇ ಇಲ್ಲ.

ನಿಮ್ಮ ಪಂಪಿಗಾಗಿ ಪರಿಷತ್ತಿನವರೆಗೆ ಕಾಯಬೇಕಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 166ನೆಯ ಕಲಮಿನ 5ನೆಯ ಉಪಕಲಂ ಪ್ರತಿ ಜಿಲ್ಲೆಯಲ್ಲೂ ಸಮಿತಿ ಇರಬೇಕೆಂದೂ ಅದು ಪೂರೈಕೆಯ ಗುಣಮಟ್ಟವನ್ನು ಪರಿಶೀಲಿಸಬೇಕೆಂದೂ ಹೇಳುತ್ತದೆ. ಒಂದು ವಾರದ ವೋಲ್ಟೇಜನ್ನು ಗಂಟೆಗಂಟೆಗೆ ಬರೆದು, ಫೋಟೋಗಳೊಂದಿಗೆ ಆ ಸಮಿತಿಗೆ ಕೊಡಿ. ವೋಲ್ಟೇಜ್ ಇಳಿದಿರುವಾಗ ದಯವಿಟ್ಟು ಮೋಟಾರು ಚಾಲೂ ಮಾಡಬೇಡಿ.

ಬದಿಯಡ್ಕದ ಕೃಷಿಕರು: ತುಂಬಾ ಉಪಕಾರವಾಯಿತು. ನಾಳೆಯಿಂದಲೇ ಬರೆಯುತ್ತೇನೆ.

ಪೈವಳಿಕೆಯ ಸದಸ್ಯರು: ನಮ್ಮಲ್ಲಿ 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸೌರ ಸ್ಥಾವರ 2021ರಲ್ಲಿ ಉದ್ಘಾಟನೆಯಾಯಿತು. ಭೂಮಿ ನಮ್ಮ ಕಡೆಯದು, ಬೆಳಕು ಎಲ್ಲರಿಗೂ. ಪರಿಷತ್ತಿನಲ್ಲಿ ಸ್ಥಾವರವಿರುವ ಪಂಚಾಯತುಗಳಿಗೆ ಒಂದು ಸ್ಥಾನ ಇರಬೇಕೆಂದು ಏಕೆ ಬರೆದಿಲ್ಲ?

ಮುಳ್ಳೇರಿಯದ ಯುವಕ: ಪ್ರತಿ ಪಂಚಾಯತಿಗೂ ಸ್ಥಾನ ಕೊಡುತ್ತಾ ಹೋದರೆ ಅದು ಪರಿಷತ್ತಲ್ಲ, ಜಾತ್ರೆಯಾಗುತ್ತದೆ. ಚೀಮೇನಿಯಲ್ಲಿ ಕಲ್ಲಿದ್ದಲು ಸ್ಥಾವರ ಬೇಡವೆಂದು ಎಲ್ಲರೂ ಸೇರಿ ನಿಲ್ಲಿಸಿದಿರಿ. ಈಗ ರಾತ್ರಿಗೆ ವಿದ್ಯುತ್ತಿಲ್ಲವೆಂದು ಅಳುವವರೂ ನೀವೇ.

ಪೈವಳಿಕೆಯ ಸದಸ್ಯರು: ಹೊಗೆ ಕುಡಿಯಬೇಕಾಗಿದ್ದವರು ಬೇಡವೆಂದರು. ಮುಳ್ಳೇರಿಯದಲ್ಲಿ ಕುಳಿತು ಚೀಮೇನಿಯವರ ಪರವಾಗಿ ಒಪ್ಪಿಗೆ ಕೊಡಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಕುಂಬಳೆಯ ವ್ಯಾಪಾರಿ: ಜಗಳ ಬಿಡಿ. ಮನವಿಯನ್ನು ಮಲಯಾಳದಲ್ಲಿ ಬರೆಯೋಣ. ಕನ್ನಡದಲ್ಲಿ ಬರೆದರೆ ತಿರುವನಂತಪುರದಲ್ಲಿ ಅದನ್ನು ಓದುವವರಿಲ್ಲ, ಕಡತದ ಅಡಿಯಲ್ಲಿ ಉಳಿಯುತ್ತದೆ.

ಮಂಜೇಶ್ವರದ ಟೀಚರ್: ಇದನ್ನು ನಾನು ಒಪ್ಪುವುದಿಲ್ಲ. 1969ರ ಕೇರಳ ರಾಜ್ಯಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯೂ ಇದೆ. ನಾವೇ ಬಳಸದ ಹಕ್ಕನ್ನು ಮಕ್ಕಳಿಗೆ ಹೇಗೆ ಕಲಿಸಲಿ? ಪರಿಷತ್ತಿನ ಕರಡು ಯೋಜನೆ ನಮ್ಮ ಜಿಲ್ಲೆಗೆ ಕನ್ನಡದಲ್ಲೂ ಬರಬೇಕೆಂಬ ಬೇಡಿಕೆಯನ್ನೂ ಸೇರಿಸಬೇಕು.

ಕುಂಬಳೆಯ ವ್ಯಾಪಾರಿ: ಟೀಚರ್, ಹಕ್ಕು ಬೇರೆ, ಕೆಲಸ ಆಗುವುದು ಬೇರೆ. ನನ್ನ ಅರ್ಜಿ ಹಾಗೆ ಎರಡು ವರ್ಷ ಒಂದು ಕಚೇರಿಯಲ್ಲಿ ಬಿದ್ದಿತ್ತು.

ಮಂಜೇಶ್ವರದ ಟೀಚರ್: ಬಿದ್ದಿತ್ತೆಂದು ನೀವು ಮೇಲಿನವರಿಗೆ ದೂರು ಕೊಟ್ಟಿರಾ? ಸುಮ್ಮನಿದ್ದು ಈಗ ನಮಗೂ ಸುಮ್ಮನಿರಲು ಹೇಳುತ್ತಿದ್ದೀರಿ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ. ಕನ್ನಡದಲ್ಲೇ ಸಲ್ಲಿಸಿ, ಮಲಯಾಳ ಅನುವಾದವನ್ನು ಲಗತ್ತಿಸೋಣ.

ಎಣ್ಮಕಜೆಯ ಸದಸ್ಯರು: ಉಡುಪಿಯಿಂದ ಕರಿಂದಳಕ್ಕೆ ಬರುವ 400 ಕೆ.ವಿ. ಲೈನನ್ನು ಪರಿಷತ್ತು ತಡೆಯಬಲ್ಲದೇ?

ಇಂಜಿನಿಯರ್: ತಡೆಯಲಾರದು. ಅದು ಅಂತರರಾಜ್ಯ ಲೈನು, ತೀರ್ಮಾನ ಕೇಂದ್ರದ್ದು. ಆದರೆ ಅಂಥ ಲೈನು ಏಕೆ ಬೇಕೆಂಬುದನ್ನು ರಾಜ್ಯದ ಯೋಜನೆಯಲ್ಲಿ ವರ್ಷಗಳ ಮೊದಲೇ ಬರೆದಿದ್ದರೆ, ತೋಟದವರಿಗೆ ಸರ್ವೆಯ ಕಲ್ಲು ನೆಟ್ಟ ದಿನ ವಿಷಯ ತಿಳಿಯುವ ಸ್ಥಿತಿ ಬರುವುದಿಲ್ಲ.

ಉಪ್ಪಳದ ಸದಸ್ಯರು: ಪರಿಷತ್ತಿನ ಸದಸ್ಯರಿಗೆ ಸಂಬಳ ಎಷ್ಟಿರಬೇಕು? ನಿವೃತ್ತ ಅಧಿಕಾರಿಗಳೇ ತುಂಬಿಕೊಂಡರೆ ಏನು ಮಾಡುವುದು?

ಕುಂಬಳೆಯ ವ್ಯಾಪಾರಿ: ನನ್ನ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಬಿಲ್ಲು ಕಡಿಮೆಯಾಗದಿದ್ದರೆ ಜನರು ಸಹಿ ಏಕೆ ಹಾಕಬೇಕು?

ಇಂಜಿನಿಯರ್: ಉತ್ತರವನ್ನು ಮೇಲೆ ಕೊಟ್ಟಿದ್ದೇನೆ. ದಯವಿಟ್ಟು ಓದಿ.

ಕುಂಬಳೆಯ ವ್ಯಾಪಾರಿ: ಪರಿಷತ್ತು ಬಂದರೆ ತಿಂಗಳಿಗೆ 300 ಯೂನಿಟ್ ಉಚಿತ ಎಂಬ ಸಂದೇಶವನ್ನು ಈಗ ತಾನೆ ನೋಡಿದೆ.

ಇಂಜಿನಿಯರ್: ಅದು ಸುಳ್ಳು. ನಮ್ಮ ಮನವಿಯಲ್ಲಿ ಇಲ್ಲದ ಆಸೆಯನ್ನು ತೋರಿಸಿ ಸಹಿ ಪಡೆದರೆ ನನ್ನ ಸಹಿಯನ್ನು ನಾನು ಹಿಂದಕ್ಕೆ ಪಡೆಯುತ್ತೇನೆ. ಚಾವಣಿ ಸೌರಫಲಕಕ್ಕೆ ಸಹಾಯಧನ ಕೊಡುವ ಕೇಂದ್ರದ ಯೋಜನೆಯೊಂದು 2024ರ ಫೆಬ್ರವರಿಯಿಂದ ಇದೆ. ಅದು ಬೇರೆ ವಿಷಯ. ಎರಡನ್ನೂ ಸೇರಿಸಿ ಹರಡುವುದನ್ನು ಇಂದೇ ನಿಲ್ಲಿಸಿ.

ಮುಳ್ಳೇರಿಯದ ಯುವಕ: ಅಣ್ಣ, ಅಣುವಿದ್ಯುತ್ತಿನ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಹೇಳಲೇ ಇಲ್ಲ.

ಪೈವಳಿಕೆಯ ಸದಸ್ಯರು: ಪಂಚಾಯತಿನ ಸ್ಥಾನದ ಬಗ್ಗೆಯೂ ಹೇಳಿಲ್ಲ.

ಇಂಜಿನಿಯರ್: ಪಂಚಾಯತಿನ ಬೇಡಿಕೆ ನ್ಯಾಯವಾದುದು. ಆದರೆ ಸ್ಥಾನಕ್ಕಿಂತ, ಸ್ಥಾವರ ಬರುವ ಊರಿನಲ್ಲೇ ಬಹಿರಂಗ ವಿಚಾರಣೆ ನಡೆಸಿ ಆ ದಾಖಲೆಯನ್ನು ಯೋಜನೆಗೆ ಲಗತ್ತಿಸಬೇಕೆಂದು ಬರೆಯುವುದು ಮೇಲು. ನಿರ್ವಾಹಕರಿಗೆ: ಕರಡಿನ ಮೂರನೆಯ ಪರಿಚ್ಛೇದವನ್ನು ಹೀಗೆ ತಿದ್ದಿ. 'ಪರಿಷತ್ತು ಇಪ್ಪತ್ತು ವರ್ಷಗಳ ಇಂಧನ ಬೇಡಿಕೆಯ ಅಂದಾಜನ್ನು ಗಂಟೆವಾರು ವಿವರಗಳೊಂದಿಗೆ ಪ್ರಕಟಿಸತಕ್ಕದ್ದು. ಐದು ವರ್ಷಕ್ಕಿಂತ ದೀರ್ಘವಾದ ಯಾವುದೇ ಖರೀದಿ ಒಪ್ಪಂದಕ್ಕೆ ಮೊದಲು ಅದು ಈ ಅಂದಾಜಿಗೆ ಹೊಂದುತ್ತದೆಯೇ ಎಂಬುದನ್ನು ವಿದ್ಯುತ್ ಕಂಪೆನಿಯು ಲಿಖಿತವಾಗಿ ತಿಳಿಸತಕ್ಕದ್ದು. ಹೊಂದದಿದ್ದರೆ ಕಾರಣವನ್ನು ಅರುವತ್ತು ದಿನಗಳೊಳಗೆ ಪ್ರಕಟಿಸತಕ್ಕದ್ದು.' 'ಸಲಹೆ ನೀಡಬಹುದು' ಎಂಬ ಸಾಲನ್ನು ಪೂರ್ತಿ ತೆಗೆದುಹಾಕಿ. ಶುಕ್ರವಾರದೊಳಗೆ ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಅಂಕಿಗಳನ್ನು ಇನ್ನೊಮ್ಮೆ ನೋಡಿ ಕೊಡುತ್ತೇನೆ.