ಮೊದಲ ಕಲಾಕೃತಿಯನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ: ಅನುಭವ ಹಂಚಿಕೆ

ಪ್ರಶ್ನೆ: ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ. ಬಾಡಿಗೆ ಮನೆಯ ಗೋಡೆಗೆ ಕಲಾವಿದರು ಕೈಯಾರೆ ಮಾಡಿದ ಕೃತಿಯೊಂದು ಬೇಕೆಂಬ ಆಸೆ. ಆರೇಳು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ನಂಬಿ ಕೊಳ್ಳಬಹುದೇ?

ಉತ್ತರ: ಧಾರಾಳವಾಗಿ ಕೊಳ್ಳಿ. ಈ ಹಣಕ್ಕೆ ಎಚಿಂಗ್, ವುಡ್‌ಕಟ್, ಲಿನೋಕಟ್ ಎಂಬ ಮುದ್ರಣಚಿತ್ರಗಳನ್ನು ಮೊದಲು ನೋಡಿ ಎನ್ನುತ್ತೇನೆ. ಕಲಾವಿದರೇ ಲೋಹದ ತಗಡು (ಎಚಿಂಗ್), ಮರ (ವುಡ್‌ಕಟ್) ಇಲ್ಲವೇ ಲಿನೋಲಿಯಂ ಹಾಳೆಯ (ಲಿನೋಕಟ್) ಮೇಲೆ ಚಿತ್ರ ಮೂಡಿಸಿ, ಶಾಯಿ ಹಚ್ಚಿ, ಒಂದೊಂದೇ ಹಾಳೆಯನ್ನು ಒತ್ತಿ ತೆಗೆಯುತ್ತಾರೆ. ಹಲವು ಪ್ರತಿಗಳಿರುವುದರಿಂದ ಬೆಲೆ ಕೈಗೆಟುಕುತ್ತದೆ. ಹಾಗೆಂದು ಅವು ನಕಲುಗಳಲ್ಲ, ಪ್ರತಿಯೊಂದೂ ಮೂಲ ಕೃತಿಯೇ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 4/20 ಎಂದಿದ್ದರೆ ಇಪ್ಪತ್ತು ಪ್ರತಿಗಳಲ್ಲಿ ಅದು ನಾಲ್ಕನೆಯದು. ಸಹಿ ಸಾಮಾನ್ಯವಾಗಿ ಬಲತುದಿಯಲ್ಲಿರುತ್ತದೆ. ನನ್ನಲ್ಲಿರುವ ಎಚಿಂಗ್‌ನಲ್ಲಿ ತಗಡಿನ ಅಂಚು ಕಾಗದದೊಳಗೆ ಇಳಿದು ಸಣ್ಣ ತಗ್ಗು ಮಾಡಿದೆ, ಕಿಟಕಿಯ ಓರೆ ಬೆಳಕಿಗೆ ಹಿಡಿದರೆ ಅದರ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಹಣ ಕಳುಹಿಸುವ ಮೊದಲು ಅಂಥದ್ದೇ ಬೆಳಕಿನಲ್ಲಿ ತೆಗೆದ ಫೋಟೊ, ಸಹಿಯ ಫೋಟೊ, ಹಿಂಬದಿಯ ಫೋಟೊ ಕೇಳಿ. ಕೆಲಸದ ಬಗ್ಗೆ ವಿಚಾರಿಸಿದರೆ ಕಲಾವಿದರಿಗೆ ಖುಷಿಯೇ ಆಗುತ್ತದೆ, ಸಂಕೋಚ ಬೇಡ. ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಪ್ರತಿಗಳನ್ನೂ ಜಿಕ್ಲೇ ಎಂಬ ಹೆಸರಿನಲ್ಲಿ ಮಾರುತ್ತಾರೆ. ಇಷ್ಟವಾದರೆ ಕೊಳ್ಳಿ, ಆದರೆ ಕೈಯಿಂದ ಒತ್ತಿದ ಕೃತಿಯ ಬೆಲೆಯನ್ನು ಅದಕ್ಕೆ ಕೊಡಬೇಡಿ.

ಇನ್ನೊಬ್ಬರು: ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ವರ್ಷಕ್ಕೊಮ್ಮೆ ನಡೆಸುತ್ತಿರುವ ಚಿತ್ರಸಂತೆ ಎಂಬ ಕಲಾಮೇಳವನ್ನು ತಪ್ಪಿಸಬೇಡಿ. ಆ ದಿನ ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರೇ ಕುಳಿತಿರುತ್ತಾರೆ. ಏನೂ ಕೊಳ್ಳದಿದ್ದರೂ ಹಿಡಿಸಿದವರ ಕಾರ್ಡ್ ಪಡೆದು, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ಅವರ ಕೆಲಸವನ್ನು ನೋಡುತ್ತಿರಿ. ಅವರ ಬಣ್ಣವನ್ನು ಒಮ್ಮೆ ಕಣ್ಣಾರೆ ಕಂಡಿದ್ದರೆ ಮೊಬೈಲ್ ಪರದೆ ನಿಮ್ಮನ್ನು ಅಷ್ಟು ಸುಲಭವಾಗಿ ಮೋಸಗೊಳಿಸದು. ಮೈಸೂರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಲಾಶಾಲೆಗಳಿಂದ ಆಗತಾನೇ ಹೊರಬಂದವರನ್ನೂ ಹುಡುಕಿ. ದಯವಿಟ್ಟು ಚೌಕಾಸಿ ಮಾಡಬೇಡಿ. ಹಣ ಸಾಲದಿದ್ದರೆ ಕಂತಿನಲ್ಲಿ ಕೊಡಬಹುದೇ ಎಂದು ಕೇಳಿ.

ಮಂಗಳೂರಿನಿಂದ: ಚೌಕಟ್ಟಿಗೂ ಹಣ ಉಳಿಸಿಕೊಳ್ಳಿ. ಗಾಜು ಕಾಗದಕ್ಕೆ ತಾಗಬಾರದು, ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಿಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಯ ತೇವ ಹಿಡಿಯುವ ಹೊರಗೋಡೆಯ ಒಳಬದಿಗೆ ತೂಗುಹಾಕುವುದೂ ಬೇಡ. ಜಲವರ್ಣವಾದರೆ ನೇರ ಬಿಸಿಲು ಬೀಳದ ಜಾಗ ನೋಡಿ. ಕೃತಿಯ ಹೆಸರು, ಮಾಧ್ಯಮ, ಅಳತೆ, ವರ್ಷ ನಮೂದಿಸಿ ಕಲಾವಿದರು ಸಹಿ ಮಾಡಿದ ಒಂದು ಚೀಟಿಯನ್ನು ಪಾರ್ಸೆಲ್ ಜೊತೆಗೇ ಕಳುಹಿಸಲು ಹೇಳಿ.