ಅಪ್‌ಡೇಟ್: ಚನ್ನಪಟ್ಟಣದ ಗೊಂಬೆ ಕಳಿಸಲು ಕೊನೆಗೆ ಯಾವುದು ಸರಿಹೋಯ್ತು

ಆನ್‌ಲೈನ್‌ನಲ್ಲಿ ಮಾರುವ ಗೊಂಬೆಗಳಿಗೆ ಕೊರಿಯರ್ ಖರ್ಚೇ ಜಾಸ್ತಿ ಆಗ್ತಿದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ? ಕೆಲಸಕ್ಕೆ ಬಂದದ್ದು "ಮೊದಲು ಡಬ್ಬ ಅಳೆಯಿರಿ" ಅಂದವರ ಮಾತು. ಕೊರಿಯರ್‌ನವರು ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, 5000ದಿಂದ ಭಾಗಿಸಿ, ಬಂದದ್ದನ್ನು ಕೆಜಿ ಎಂದು ಲೆಕ್ಕ ಹಾಕುತ್ತಾರೆ. ಅದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಬಿಲ್ ಅದರದ್ದೇ. ಅರ್ಧ ಕೆಜಿ ಗೊಂಬೆ 30×20×20ರ ಡಬ್ಬದಲ್ಲಿ 2.4 ಕೆಜಿ ಆಗ್ತಿತ್ತು! ಈಗ 20×15×10ರ ಡಬ್ಬ, 600 ಗ್ರಾಂ. ಸುತ್ತ ಹಳೇ ಪೇಪರ್ ತುರುಕಿದರೆ ಸಾಕು, ಅರಗಿನ ಬಣ್ಣಕ್ಕೆ ಏನೂ ಆಗಿಲ್ಲ.

ಬಸ್‌ನಲ್ಲಿ ಪಾರ್ಸೆಲ್ ಹಾಕಿ ಅಂತ ಕೆಲವರು ಕೊಟ್ಟ ಸಲಹೆ ಮಾತ್ರ ನಡೆಯಲಿಲ್ಲ. ಗಿರಾಕಿಯೇ ಸ್ಟ್ಯಾಂಡಿಗೆ ಹೋಗಿ ತರಬೇಕು, ಯಾರು ಒಪ್ತಾರೆ? ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್, ಸಿಟಿಗಳಿಗೆ ಹಲವು ಕೊರಿಯರ್‌ಗಳ ದರ ಒಟ್ಟಿಗೆ ತೋರಿಸುವ ಆ್ಯಪ್.

ಗೊತ್ತೇ ಇರದಿದ್ದ ಸಂಗತಿ: ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಬಂದರೆ ಎರಡೂ ಕಡೆಯ ಚಾರ್ಜ್ ನಮ್ಮ ತಲೆಗೇ. ಈಗ ಯುಪಿಐ ಬಂದ ಮೇಲೆಯೇ ಪ್ಯಾಕಿಂಗ್.