ಬರ್ಲಿನ್ ಸಿಂಥ್: ಶ್ರುತಿ ಜಾರುವ ಬೇಸ್ ಹೇಗೆ?

ಪ್ರಶ್ನೆ: ಬರ್ಲಿನ್‌ನ ಎಲೆಕ್ಟ್ರಾನಿಕ್ ಬ್ಯಾಂಡ್ ಟ್ಯಾಂಜರೀನ್ ಡ್ರೀಮ್‌ನ 1974ರ ಆಲ್ಬಂ ‘ಫೀಡ್ರಾ’ದಲ್ಲಿ ಬೇಸ್ ಸೀಕ್ವೆನ್ಸ್‌ನ (ಮತ್ತೆ ಮತ್ತೆ ಸುತ್ತುವ ಮಂದ್ರ ಸ್ವರಗಳ ಸಾಲಿನ) ಶ್ರುತಿ ಮೆಲ್ಲಗೆ ಜಾರುತ್ತೆ. ಸಾಫ್ಟ್‌ವೇರ್ ಸಿಂಥ್‌ನಲ್ಲಿ (ಸಿಂಥಸೈಜರ್) ಅದು ಬರೋದು ಹೇಗೆ?

ಉತ್ತರ 1: ಅದು ಮೂಗ್ ಮಾಡ್ಯುಲರ್ ಎಂಬ ಅನಲಾಗ್ ಸಿಂಥ್. ಆಸಿಲೇಟರ್‌ಗಳು (ಸ್ವರ ಹುಟ್ಟಿಸುವ ಭಾಗಗಳು) ಬಿಸಿಯಾದಂತೆ ಶ್ರುತಿ ಸರಿಯುತ್ತಿತ್ತು, ಅದನ್ನು ಹಾಗೇ ಉಳಿಸಿಕೊಂಡರು. ನೀವು ಎರಡು ಸಾಟೂತ್ (ಗರಗಸದ ಹಲ್ಲಿನಾಕಾರದ ಅಲೆಯ) ಆಸಿಲೇಟರ್ ಇಟ್ಟು, ಒಂದನ್ನು 5 ಸೆಂಟ್ (ಅರ್ಧಸ್ವರದ ನೂರನೇ ಭಾಗ ಒಂದು ಸೆಂಟ್) ಏರಿಸಿ. ಸುತ್ತಿಗೆ 60 ಸೆಕೆಂಡಿನ ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ನಿಯಂತ್ರಣ ಅಲೆ) ಆ ಏರಿಸಿದ ಆಸಿಲೇಟರ್‌ನ ಪಿಚ್‌ಗೆ ಮಾತ್ರ ಕೊಡಿ. ಎರಡಕ್ಕೂ ಕೊಟ್ಟರೆ ಒಟ್ಟಿಗೇ ಜಾರುತ್ತವೆ, ಆ ಜೀವ ಬರಲ್ಲ.

ಉತ್ತರ 2: ಡಿಲೇ (ಪ್ರತಿಧ್ವನಿಯ ಎಫೆಕ್ಟ್) ಮರೀಬೇಡಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಬೀಟ್‌ಗೆ ಎರಡು ಸ್ವರವಾದರೆ 375 ಮಿಲಿಸೆಕೆಂಡ್ ಇಡಿ. ಪ್ರತಿಧ್ವನಿ ಸ್ವರಗಳ ನಡುವೆ ಬೀಳುತ್ತೆ. ಫೀಡ್‌ಬ್ಯಾಕ್ (ಪ್ರತಿಧ್ವನಿ ಮರುಕಳಿಸುವ ಪ್ರಮಾಣ) ಜಾಸ್ತಿಯಾದರೆ ಬೇಸ್ ರಾಡಿಯಾಗುತ್ತೆ, ಡಿಲೇಗೆ ಮುಂಚೆ 150 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ.

ಉತ್ತರ 3: ಇದೇ ಬರ್ಲಿನ್ ಧಾಟಿಯ ಇನ್ನೊಬ್ಬ ಸಂಗೀತಗಾರ ಕ್ಲೌಸ್ ಶುಲ್ಟ್ಸೆಯ 1972ರ ಆಲ್ಬಂ ‘ಇರ್‌ಲಿಖ್ಟ್’ ಕೂಡ ಕೇಳಿ. ಸಿಂಥೇ ಇಲ್ಲ! ಆರ್ಗನ್, ಉಲ್ಟಾ ಓಡಿಸಿದ ಆರ್ಕೆಸ್ಟ್ರಾ ಟೇಪ್, ಕೆಟ್ಟುಹೋದ ಗಿಟಾರ್ ಆಂಪ್.